ರಿಂಗು ಕಡಿಯುತ್ತಿದ್ದ ಮಧ್ಯಾಹ್ನಗಳು

ಆ ಬೇಸಿಗೆಯಲ್ಲಿ ನಾನು ಊಟದ ಡಬ್ಬಿ ಮುಚ್ಚುವ ಹೊತ್ತಿಗೆ ಕಂಪ್ಯೂಟರ್ ರೂಮಿನ ಫೋನು ಬಡಿದುಕೊಳ್ಳುತ್ತಿತ್ತು. ಎತ್ತಿದರೆ ಸ್ಟೋರ್ಸಿನವರೋ ಡಿಸ್ಪ್ಯಾಚಿನವರೋ ಆ ಕಡೆಯಿಂದ ಒಂದೇ ಮಾತು ಹೇಳುತ್ತಿದ್ದರು. "ರಿಂಗು ಹೋಯ್ತು." ನಾನು ಕೈ ಒರೆಸಿಕೊಂಡು, ಟೂಲ್ಸ್ ಚೀಲ ಹೆಗಲಿಗೆ ಹಾಕಿಕೊಂಡು ಎದ್ದು ಹೋಗುತ್ತಿದ್ದೆ. ಹೋಗುವುದಕ್ಕೆ ಮುಂಚೆಯೇ ಕಾಲು ನೋಯುತ್ತಿದ್ದವು.

ಎಂಬತ್ತರ ದಶಕದ ಕೊನೆಯ ಮಾತು. ಹೊಸೂರಿನಲ್ಲಿ ಗಾಡಿಗಳಿಗೆ ಹಲ್ಲುಚಕ್ರ ಮಾಡುವ ಒಂದು ಫ್ಯಾಕ್ಟರಿ. ನಾನು ಕೃಷ್ಣಗಿರಿಯಲ್ಲಿ ಡಿಪ್ಲೊಮಾ ಮುಗಿಸಿ ಅಲ್ಲಿ ಎಲೆಕ್ಟ್ರಿಕಲ್ ಮೆಂಟೆನೆನ್ಸಿಗೆ ಸೇರಿದ್ದೆ. ಫ್ಯಾಕ್ಟರಿಗೆ ಕಂಪ್ಯೂಟರುಗಳು ಬಂದಾಗ, ವಯರಿನ ಕೆಲಸ ಬಲ್ಲವನು ಎಂದು ಅದರ ತಂತಿಗಳನ್ನೂ ನನ್ನ ತಲೆಗೇ ಕಟ್ಟಿದರು. ಮೇಲೆ ಒಬ್ಬ ಇಂಜಿನಿಯರ್ ಇದ್ದರು. ಮದ್ರಾಸಿನವರು, ರಿಟೈರ್ ಆಗಲು ಹತ್ತಿರವಿದ್ದವರು. ಹೆಂಡತಿ ಮಕ್ಕಳನ್ನು ಅಲ್ಲೇ ಬಿಟ್ಟು ಹೊಸೂರಿನಲ್ಲಿ ಒಂದು ರೂಮು ಮಾಡಿಕೊಂಡು ಇದ್ದರು. ನನ್ನನ್ನು "ತಂಬಿ" ಎಂದು ಕರೆಯುತ್ತಿದ್ದರು. ನಮ್ಮಿಬ್ಬರ ಮಾತು ತಮಿಳಿನಲ್ಲಿ ಶುರುವಾಗಿ ಎಲ್ಲೆಲ್ಲೋ ಹೋಗಿ ಮುಗಿಯುತ್ತಿತ್ತು.

ರಿಂಗು ಎಂದು ನಾವು ಕರೆಯುತ್ತಿದ್ದದ್ದು ಕಂಪ್ಯೂಟರುಗಳನ್ನು ಒಂದಕ್ಕೊಂದು ಹೊಂದಿಸಿದ್ದ ತಂತಿಯ ಸುತ್ತನ್ನು. ಕಂಪ್ಯೂಟರ್ ರೂಮಿನಿಂದ ಹೊರಟ ತಂತಿ ಸ್ಟೋರ್ಸಿಗೆ, ಅಲ್ಲಿಂದ ಲೆಕ್ಕದ ಆಫೀಸಿಗೆ, ಅಲ್ಲಿಂದ ಪ್ರೊಡಕ್ಷನ್ ಮ್ಯಾನೇಜರ ಕ್ಯಾಬಿನ್ನಿಗೆ, ಮುಂದೆ ಇನ್ಸ್‌ಪೆಕ್ಷನ್ ರೂಮಿಗೆ, ಅದರ ಮುಂದೆ ಡಿಸ್ಪ್ಯಾಚಿಗೆ, ಹೀಗೆ ಫ್ಯಾಕ್ಟರಿಯನ್ನೆಲ್ಲ ಬಳಸಿಕೊಂಡು ಮತ್ತೆ ಕಂಪ್ಯೂಟರ್ ರೂಮಿಗೇ ಬಂದು ಸೇರುತ್ತಿತ್ತು. ಸುದ್ದಿ ಒಂದೇ ದಿಕ್ಕಿನಲ್ಲಿ ಸಾಗುತ್ತಿತ್ತು. ಹಿಂದಿನವನು ಕೊಟ್ಟಿದ್ದನ್ನು ಮುಂದಿನವನು ತೆಗೆದುಕೊಂಡು, ತನ್ನದಾದರೆ ಇಟ್ಟುಕೊಂಡು, ಅಲ್ಲವಾದರೆ ಮುಂದಕ್ಕೆ ದಾಟಿಸಬೇಕು. ಎಲ್ಲಾದರೂ ಒಂದು ಕಡೆ ಕಡಿದರೆ ಎಲ್ಲರದ್ದೂ ನಿಂತುಹೋಗುತ್ತಿತ್ತು. ಪ್ರತಿ ಕಂಪ್ಯೂಟರಿನ ಹಿಂದೆ ಗೋಡೆಗೆ ಒಂದು ಚಿಕ್ಕ ಪೆಟ್ಟಿಗೆ ಇರುತ್ತಿತ್ತು. ಕಂಪ್ಯೂಟರಿನ ವಯರನ್ನು ಆ ಪೆಟ್ಟಿಗೆಯಿಂದ ಕಿತ್ತರೆ ಪೆಟ್ಟಿಗೆ ತಾನೇ ಒಳಗೆ ದಾರಿ ಕೂಡಿಸಿಕೊಳ್ಳುತ್ತಿತ್ತು. ಆ ಒಂದು ಕಂಪ್ಯೂಟರನ್ನು ಬಿಟ್ಟು ಉಳಿದವು ನಡೆಯುತ್ತಿದ್ದವು. ನನ್ನ ಕೆಲಸವೆಂದರೆ ಅದೇ. ಕೆಟ್ಟದ್ದು ಯಾವುದೆಂದು ಹುಡುಕಿ, ಅದನ್ನು ಹೊರಗೆ ಹಾಕಿ, ಉಳಿದವರನ್ನು ನಡೆಸುವುದು.

ರಿಂಗು ಕಡಿದಾಗ ಯಾವುದಾದರೂ ಒಂದು ಕಂಪ್ಯೂಟರು ಕೂಗು ಹಾಕುತ್ತಿತ್ತು. ಶಬ್ದ ಮಾಡಿ ಅಲ್ಲ. ಕಂಪ್ಯೂಟರ್ ರೂಮಿನ ಪರದೆಯ ಮೇಲೆ ಆ ಜಾಗದ ಹೆಸರು ಮತ್ತೆ ಮತ್ತೆ ಮೂಡುತ್ತಿತ್ತು. ಆ ಬೇಸಿಗೆಯಲ್ಲಿ ದಿನಾ ಮೂಡುತ್ತಿದ್ದದ್ದು ಇನ್ಸ್‌ಪೆಕ್ಷನ್ ರೂಮು.

ಅಲ್ಲಿ ಕೂರುತ್ತಿದ್ದವರು ಉದ್ದನಪಲ್ಲಿಯ ಒಬ್ಬ ಹೆಂಗಸು. ನನಗಿಂತ ಕೆಲವು ವರ್ಷ ದೊಡ್ಡವರು, ಅಕ್ಕ ಎನ್ನುತ್ತಿದ್ದೆ. ಗಂಡ ಊರಿನಲ್ಲಿ ರಾಗಿ, ಹಿಪ್ಪುನೇರಳೆ ನೋಡಿಕೊಂಡಿದ್ದ. ಅವರ ಮನೆತನದಲ್ಲಿ ಬಸ್ಸು ಹತ್ತಿ ಕೆಲಸಕ್ಕೆ ಬಂದ ಮೊದಲ ಹೆಂಗಸು ಈಕೆಯೇ. ಹಲ್ಲುಚಕ್ರಗಳನ್ನು ಗೇಜಿನಲ್ಲಿ ಅಳೆದು, ಒಳ್ಳೆಯದೆಷ್ಟು ಕೆಟ್ಟದ್ದೆಷ್ಟು ಎಂದು ಕಂಪ್ಯೂಟರಿಗೆ ಹಾಕುವುದು ಅವರ ಕೆಲಸ. ಹೊಸೂರಿನಿಂದ ರಾಯಕೋಟೆಗೆ ಹೋಗುವ ಬಸ್ಸಿನಲ್ಲಿ ನಾವಿಬ್ಬರೂ ಹೋಗಿಬರುತ್ತಿದ್ದೆವು. ನಾನು ಕೆಲಮಂಗಲದಲ್ಲಿ ಇಳಿದರೆ ಅವರು ಮುಂದಕ್ಕೆ ಹೋಗುತ್ತಿದ್ದರು.

ಮೊದಮೊದಲು ಅವರು ನಗುತ್ತಿದ್ದರು. "ಬಾಪ್ಪ ತಮ್ಮಾ, ನಿನ್ನ ಮಗು ಮತ್ತೆ ಅಳ್ತೈತೆ" ಎಂದು ಕುರ್ಚಿ ಬಿಟ್ಟು ಏಳುತ್ತಿದ್ದರು. ನಾನು ಮೇಜಿನ ಕೆಳಗೆ ನುಗ್ಗಿ ಪ್ಲಗ್ಗು ಕಿತ್ತು, ಒರೆಸಿ, ಮತ್ತೆ ಹಾಕುತ್ತಿದ್ದೆ. ಆಮೇಲೆ ಒಳಗಿನ ಕಾರ್ಡ್ ಬದಲಾಯಿಸಿದೆವು. ಗೋಡೆಯಿಂದ ಬರುವ ಕೇಬಲ್ಲನ್ನೇ ಹೊಸದಾಗಿ ಎಳೆದೆವು. ಬೆಳಿಗ್ಗೆಯೆಲ್ಲ ಸರಿ ಇರುತ್ತಿತ್ತು. ಮಧ್ಯಾಹ್ನ ಆಗುತ್ತಿದ್ದ ಹಾಗೆ ಮತ್ತೆ ಅದೇ. ಸಂಜೆ ಎಲ್ಲರೂ ಹೋದ ಮೇಲೆ ತಾನಾಗಿ ಸರಿಹೋಗುತ್ತಿತ್ತು. ನಾನು ಮಾತ್ರ ಸ್ಟೋರ್ಸಿನಿಂದ ಹಿಡಿದು ಗೇಟಿನ ಆಫೀಸಿನವರೆಗೆ, ಎಣ್ಣೆ ಜಿಡ್ಡಿನ ನೆಲದ ಮೇಲೆ, ಕಾದ ಶೀಟಿನ ಕೆಳಗೆ, ಮಧ್ಯಾಹ್ನ ಒಳಗೆ ಹೋಗುವಂತಿಲ್ಲದ ಮ್ಯಾನೇಜರ ಕ್ಯಾಬಿನ್ನೊಂದನ್ನು ಬಿಟ್ಟು, ಒಂದೊಂದೇ ಪ್ಲಗ್ಗು ಕಿತ್ತು ಹಾಕುತ್ತಾ ನಡೆಯುತ್ತಿದ್ದೆ.

ಮನೆಯಲ್ಲಿ ಆಗ ರೇಷ್ಮೆ ಹುಳ ಸಾಕಿದ್ದೆವು. ಹುಳ ನಾಲ್ಕನೇ ಜ್ವರ ಎದ್ದಿದ್ದವು. ಜ್ವರ ಎಂದರೆ ನಮ್ಮ ಕಡೆ ಹುಳ ಪೊರೆ ಬಿಡುವ ಮುಂಚೆ ತಿನ್ನದೆ ಸುಮ್ಮನೆ ಕೂರುವುದು. ಎದ್ದ ಮೇಲೆ ಅವುಗಳ ಹೊಟ್ಟೆಗೆ ಎಷ್ಟು ಸೊಪ್ಪು ಹಾಕಿದರೂ ಸಾಲದು. ಬಸ್ಸಿಳಿದು ನೇರ ತೋಟಕ್ಕೆ ಹೋಗಿ ಸೊಪ್ಪು ಕೊಯ್ದು ತರುತ್ತಿದ್ದೆ. ಹೆಂಡತಿ ಹಗಲೆಲ್ಲ ಹಾಕಿ ಹಾಕಿ ಸೊಂಟ ಹಿಡಿದುಕೊಂಡು ಕೂತಿರುತ್ತಿದ್ದಳು. ಹುಳದ ತಟ್ಟೆಗಳ ಮುಂದೆ ನಿಂತೇ ತೂಕಡಿಸಿದ್ದು ಎಷ್ಟು ಸಲವೋ.

ಒಂದು ದಿನ ಇಂಜಿನಿಯರು ನನ್ನನ್ನು ಕರೆದು, "ತಂಬಿ, ಇವತ್ತು ಅವಳ ಕಂಪ್ಯೂಟರನ್ನೇ ಹೊರಗೆ ಹಾಕು. ಏನಾಗುತ್ತೆ ನೋಡೋಣ" ಎಂದರು. ನಾನು ಇನ್ಸ್‌ಪೆಕ್ಷನ್ ರೂಮಿನ ಪ್ಲಗ್ಗು ಕಿತ್ತೆ. ವಾಪಸು ಬಂದು ನೋಡಿದರೆ ಪರದೆಯ ಮೇಲೆ ಈಗ ಡಿಸ್ಪ್ಯಾಚು ಕೂಗುತ್ತಿತ್ತು. ಇಂಜಿನಿಯರು ಕನ್ನಡಕ ತೆಗೆದು ಕಣ್ಣು ಉಜ್ಜಿಕೊಂಡರು. ಇಬ್ಬರಿಗೂ ಅರ್ಥವಾಯಿತು. ಕೂಗುವ ಕಂಪ್ಯೂಟರು ತಾನು ಕೆಟ್ಟಿದ್ದೇನೆ ಎಂದು ಕೂಗುವುದಿಲ್ಲ. ನನಗೆ ಹಿಂದಿನಿಂದ ಏನೂ ಬರುತ್ತಿಲ್ಲ ಎಂದು ಕೂಗುತ್ತದೆ. ಇನ್ಸ್‌ಪೆಕ್ಷನ್ ತೆಗೆದರೆ ಅದರ ಮುಂದಿನ ಡಿಸ್ಪ್ಯಾಚಿಗೆ ಏನೂ ಬರುತ್ತಿಲ್ಲ. ಹಾಗಾದರೆ ತೊಂದರೆ ಇವೆರಡಕ್ಕೂ ಹಿಂದೆ ಇದೆ. ಹಿಂದೆ ಇರುವುದು ಮ್ಯಾನೇಜರ ಕ್ಯಾಬಿನ್ನು.

ಮ್ಯಾನೇಜರು ಬೆಂಗಳೂರಿನಿಂದ ದಿನಾ ಕಾರಿನಲ್ಲಿ ಬರುತ್ತಿದ್ದವರು. ಕೆಟ್ಟವರಲ್ಲ. ಆದರೆ ಮಧ್ಯಾಹ್ನದ ಹೊತ್ತಿಗೆ ಹೆಡ್ ಆಫೀಸಿನಿಂದ ಫೋನು ಬರುತ್ತಿತ್ತು, ಇಷ್ಟು ಪೀಸು ಆಯಿತು ಎಂದು ಪರದೆ ನೋಡಿ ಹೇಳಬೇಕಿತ್ತು. ಊಟವನ್ನೂ ಮೇಜಿನ ಮೇಲೇ ಮಾಡುತ್ತಿದ್ದರು. ಇಂಜಿನಿಯರು ಹೋಗಿ ವಿಷಯ ಹೇಳಿದಾಗ ನಾನು ಬಾಗಿಲಲ್ಲಿ ನಿಂತಿದ್ದೆ.

"ನನ್ನ ಮಿಷಿನ್ ಹೆಸ್ರು ಒಂದು ದಿನವೂ ಪರದೆ ಮೇಲೆ ಬಂದಿಲ್ಲ" ಎಂದರು ಮ್ಯಾನೇಜರು. "ಕೂಗ್ತಿರೋರನ್ನ ಬಿಟ್ಟು ಸುಮ್ನೆ ಇರೋರನ್ನ ಯಾಕ್ರೀ ಹಿಡೀತೀರಾ?"

"ಸರ್, ನಿಮಗೆ ಹಿಂದಿನಿಂದ ಬರೋದು ಸರಿಯಾಗಿ ಬರ್ತಿದೆ. ನಿಮ್ಮಿಂದ ಮುಂದಕ್ಕೆ ಹೋಗ್ತಿಲ್ಲ."

"ಈಗ ಡಿಸ್ಪ್ಯಾಚೂ ಕೂಗ್ತಿದೆ ಅಂದ್ರಲ್ಲ. ಅಂದ್ರೆ ಎರಡು ಕೆಟ್ಟಿವೆ. ಮೊದ್ಲು ಅವೆರಡನ್ನ ಸರಿ ಮಾಡಿ, ಆಮೇಲೆ ನನ್ನ ಹತ್ರ ಬನ್ನಿ."

ಹೊರಗೆ ಬಂದ ಇಂಜಿನಿಯರು ಕಾರಿಡಾರಿನಲ್ಲಿ ಗೋಡೆಗೆ ಒರಗಿ ನಿಂತರು. "ಹೇಳೋದು ಹೇಳಾಯ್ತು, ತಂಬಿ" ಎಂದರು. ಆ ದಿನ ಅವರಿಗೂ ನನಗೂ ಅದಕ್ಕಿಂತ ಹೆಚ್ಚು ಜಗಳವಾಡುವ ಶಕ್ತಿ ಇರಲಿಲ್ಲ.

ಅಷ್ಟರಲ್ಲಿ ಮಾತು ಬೇರೆ ದಾರಿ ಹಿಡಿದಿತ್ತು. ದಿನಾ ಪರದೆಯಲ್ಲಿ ಅದೇ ರೂಮಿನ ಹೆಸರು ನೋಡಿದವರು, ಆ ರೂಮಿನಲ್ಲಿ ಕೂತಿದ್ದವರ ಹೆಸರು ಹೇಳತೊಡಗಿದರು. ಮೊದಲು ತಮಾಷೆಯಾಗಿ, ಆಮೇಲೆ ನಿಜವೆಂದೇ. ಕ್ಯಾಂಟೀನಿನಲ್ಲಿ ಒಬ್ಬ ಫಿಟ್ಟರ್ ಇನ್ನೊಬ್ಬನಿಗೆ ಹೇಳುತ್ತಿದ್ದದ್ದು ನನ್ನ ಕಿವಿಗೇ ಬಿತ್ತು. "ಆ ಯಮ್ಮನ ಕೈಗುಣ ಸರಿಯಿಲ್ಲ ಕಣ್ಲಾ. ಮುಟ್ಟಿದ್ದೆಲ್ಲಾ ನಿಂತೋಗ್ತೈತೆ."

"ಅವರದ್ದೇನೂ ಇಲ್ಲ, ಹಿಂದಿನ ಮಿಷಿನ್ನಿಂದು" ಎಂದೆ.

"ಹಂಗಾದ್ರೆ ಕಂಪ್ಯೂಟ್ರು ಸುಳ್ಳು ಹೇಳ್ತೈತಾ?" ಎಂದು ಅವನು ನಿಜವಾಗಿಯೂ ಕೇಳಿದ.

ಅಕ್ಕ ನಗುವುದನ್ನು ನಿಲ್ಲಿಸಿದರು. ಕೀಲಿಗಳನ್ನು ಒಂದೊಂದೇ ಬೆರಳಿನಿಂದ, ಬಿಸಿ ತವಾ ಮುಟ್ಟಿದ ಹಾಗೆ ಮುಟ್ಟುತ್ತಿದ್ದರು. ಪರದೆ ನಿಂತರೆ ಎರಡೂ ಕೈ ಮಡಿಲಿಗೆ ಹಾಕಿಕೊಂಡು ನಾನು ಬರುವವರೆಗೆ ಅಲುಗಾಡದೆ ಕೂತಿರುತ್ತಿದ್ದರು. ಒಮ್ಮೆ ನಾನು ಮೇಜಿನ ಕೆಳಗಿದ್ದಾಗ ಮೇಲಿನಿಂದ ಕೇಳಿದರು. "ಅದು ಯಾಕಪ್ಪ ನನ್ನ ರೂಮ್ ಹೆಸ್ರೇ ಹೇಳ್ತದೆ?" ನಾನು ಹೊರಗೆ ಬಂದು ಎಲ್ಲವನ್ನೂ ಬಿಡಿಸಿ ಹೇಳಿದೆ. ಗಮನವಿಟ್ಟು ಕೇಳಿದರು. "ಹಿಂದ್ಲವ್ರು ಕೊಡ್ದೆ ಇದ್ರೆ ನಾನ್ ಕೂಗ್ಬೇಕು. ಕೂಗಿದ್ದಕ್ಕೆ ನಾನೇ ಕೆಟ್ಟೋಳು" ಎಂದು, ಗೇಜು ಎತ್ತಿಕೊಂಡರು.

ಮುಂದಿನ ವಾರ ಅವರನ್ನು ಪ್ಯಾಕಿಂಗಿಗೆ ಹಾಕಿದರು. ಎಲ್ಲ ಸರಿಹೋಗುವವರೆಗೆ ಅಷ್ಟೇ ಎಂದು ಹೇಳಿದರಂತೆ. ಅವರ ಜಾಗಕ್ಕೆ ಧರ್ಮಪುರಿ ಕಡೆಯ ಒಬ್ಬ ತರುಣ ಬಂದ. ಅದೇ ವಾರ ಮ್ಯಾನೇಜರು ಹೆಡ್ ಆಫೀಸಿನ ಮೀಟಿಂಗಿಗೆಂದು ಹೊರಟುಹೋದರು, ಕ್ಯಾಬಿನ್ನಿಗೆ ಬೀಗ ಬಿತ್ತು. ಆ ವಾರ ಪೂರ್ತಿ ರಿಂಗು ಒಂದು ಸಲವೂ ಕಡಿಯಲಿಲ್ಲ.

ನನಗೆ ನಂಬಲಾಗಲಿಲ್ಲ. ಮ್ಯಾನೇಜರ ಕಂಪ್ಯೂಟರನ್ನು ಹೊರಗೆ ಹಾಕಿರಲಿಲ್ಲ, ಅದು ಗೋಡೆಯ ಪೆಟ್ಟಿಗೆಗೆ ಸೇರಿಕೊಂಡು ಚಾಲೂ ಇತ್ತು. ದೋಷ ಅದರಲ್ಲೇ ಇದ್ದಿದ್ದರೆ ಈಗಲೂ ಕಡಿಯಬೇಕಿತ್ತಲ್ಲ? ಇಂಜಿನಿಯರಿಗೂ ತಲೆ ಕೆಟ್ಟಿತು. ಎರಡು ಸಂಗತಿ ಒಂದೇ ಸಲ ಬದಲಾದರೆ ಯಾವುದರಿಂದ ಏನಾಯಿತು ಎಂದು ಹೇಗೆ ಹೇಳುವುದು ಎಂದು ಅವರು ನನ್ನನ್ನು ಕೇಳಿದರು. ನಾನು ಅವರನ್ನೇ ಕೇಳಬೇಕೆಂದಿದ್ದೆ. ಫ್ಯಾಕ್ಟರಿಯವರಿಗೆ ಮಾತ್ರ ಯಾವ ಅನುಮಾನವೂ ಇರಲಿಲ್ಲ. ಅವಳು ಹೋದಳು, ಸರಿಹೋಯಿತು.

ಆ ಮಾತು ಗೇಟಿನ ಒಳಗೇ ಉಳಿಯಲಿಲ್ಲ. ಬಸ್ಸು ಹತ್ತಿತು. ಒಂದು ಸಂಜೆ ಅಕ್ಕ ನನ್ನ ಪಕ್ಕದ ಕಂಬಿ ಹಿಡಿದು ನಿಂತಿದ್ದರು. ಹೊಸೂರು ದಾಟಿದ ಮೇಲೆ ಕಿಟಕಿ ಕಡೆ ನೋಡುತ್ತಲೇ ಹೇಳಿದರು.

"ನಿನ್ನೆ ನಮ್ಮ ಓರಗಿತ್ತಿ ಹುಳದ ಮನೆ ಬಾಗ್ಲಲ್ಲೇ ನಿಲ್ಲಿಸ್ಬುಟ್ಳು ಕಣಪ್ಪ. ಪ್ರತಿ ಬೆಳೆಗೂ ಹಣ್ಣಾದ ಹುಳ ಆರ್ಸಾಕೆ ನಾನೇ ಹೋಗೋದು. 'ಈ ಸಲ ಬ್ಯಾಡಕ್ಕ, ನಾವೇ ಮಾಡ್ಕೊತೀವಿ' ಅಂದ್ಳು. ನಾನು ಯಾಕೆ ಅಂತ ಕೇಳ್ಲಿಲ್ಲ."

ಹುಳದ ಮನೆಯ ವಿಷಯ ನನಗೆ ಗೊತ್ತು. ಹುಳ ಹಣ್ಣಾಗಿ ಗೂಡು ಕಟ್ಟಲು ತಯಾರಾಗುವ ಹೊತ್ತಿಗೆ ಜನ ಯಾವುದಕ್ಕೂ ಹೆದರುತ್ತಾರೆ. ಯಾರ ಕಣ್ಣು, ಯಾರ ಕಾಲು, ಯಾರ ಕೈ ಎಂದು ನೋಡುತ್ತಾರೆ. ಒಂದು ತಿಂಗಳ ದುಡಿಮೆ ಒಂದೇ ದಿನದಲ್ಲಿ ಕರಗಿಹೋಗಬಹುದು. ಆದರೆ ನಮ್ಮ ಫ್ಯಾಕ್ಟರಿಯ ತಂತಿ ಉದ್ದನಪಲ್ಲಿಯ ಹುಳದ ಮನೆಯ ಬಾಗಿಲವರೆಗೆ ಹೋಗುತ್ತದೆ ಎಂದು ನಾನು ಎಣಿಸಿರಲಿಲ್ಲ. ಕೆಲಮಂಗಲ ಬಂತು, ಇಳಿದೆ.

ಹೆಂಡತಿಗೆ ಹೇಳಿದೆ. ಅವಳು ಸೊಪ್ಪು ಕತ್ತರಿಸುತ್ತಿದ್ದವಳು ಕತ್ತಿ ಕೆಳಗಿಟ್ಟಳು. "ನಮ್ಮವು ಭಾನುವಾರಕ್ಕೆ ಹಣ್ಣಾಗ್ತವೆ. ಅವ್ರನ್ನ ಕರೀರಿ."

"ನೀನು ಯೋಚ್ನೆ ಮಾಡಿದ್ದೀಯಾ?"

"ನನ್ ಸೊಂಟ ಬಿದ್ದೋಗೈತೆ. ಕೈ ಬೇಕು. ಯೋಚ್ನೆ ಏನ್ ಮಾಡೋದು?"

ಭಾನುವಾರ ಬೆಳಿಗ್ಗೆಯ ಬಸ್ಸಿಗೆ ಅಕ್ಕ ಬಂದರು. ಕಾಲು ತೊಳೆದುಕೊಂಡು ಹುಳದ ಮನೆಯ ಹೊಸ್ತಿಲ ಹೊರಗೆ ನಿಂತುಬಿಟ್ಟರು. ನನ್ನ ಹೆಂಡತಿ ಒಳಗಿನಿಂದ ಬಂದು, "ಬನ್ನಿ ಅಕ್ಕಾ, ಬಿಸಿಲೇರ್ತೈತೆ" ಎಂದು ಕೈ ಹಿಡಿದು ಒಳಗೆ ಕರೆದುಕೊಂಡಳು. ಇಡೀ ದಿನ ಇಬ್ಬರೂ ತಟ್ಟೆಗಳ ಮುಂದೆ ಬಾಗಿ, ಹಳದಿ ತಿರುಗಿದ ಹುಳಗಳನ್ನು ಆರಿಸಿ, ಗೂಡು ಕಟ್ಟಲೆಂದು ಬಿದಿರಿನ ಚಂದ್ರಿಕೆಗಳ ಮೇಲೆ ಬಿಟ್ಟರು. ಅಕ್ಕನ ಬೆರಳುಗಳು ಎಷ್ಟು ಸಲೀಸಾಗಿ ಓಡುತ್ತಿದ್ದವೆಂದರೆ, ಕಂಪ್ಯೂಟರಿನ ಮುಂದೆ ಕೂತಿದ್ದವರು ಇವರೇನಾ ಅನ್ನಿಸಿತು. ಗೂಡು ಸುಮಾರಾಗಿ ಬಂತು. ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ. ಗೂಡು ಬಿಡಿಸುವವರೆಗೂ ಅವರು ಬಸ್ಸಿನಲ್ಲಿ ನನ್ನ ಮುಖ ನೋಡುತ್ತಿದ್ದರು, ಕೇಳುತ್ತಿರಲಿಲ್ಲ. ಸುಮಾರಾಗಿ ಬಂತಕ್ಕ ಎಂದಾಗ ಉಸಿರು ಬಿಟ್ಟದ್ದು ನನಗೆ ಕೇಳಿಸಿತು.

ಮ್ಯಾನೇಜರು ಮೀಟಿಂಗು ಮುಗಿಸಿ ಬಂದ ದಿನವೇ, ಮಧ್ಯಾಹ್ನ, ಫೋನು ಬಡಿಯಿತು. ರಿಂಗು ಹೋಗಿತ್ತು. ಪರದೆಯ ಮೇಲೆ ಅದೇ ಇನ್ಸ್‌ಪೆಕ್ಷನ್ ರೂಮು. ಒಳಗೆ ಕೂತಿದ್ದವನು ಧರ್ಮಪುರಿಯ ತರುಣ. ಅವನ ಕೈಗುಣದ ಮಾತು ಯಾರೂ ಎತ್ತಲಿಲ್ಲ. ಮಿಷಿನ್ ಹಳೆಯದಾಗಿದೆ, ಹೊಸದು ತರಿಸಬೇಕು ಎಂದರು.

ಎರಡು ದಿನ ಹಾಗೇ ಕಡಿಯಿತು. ಮೂರನೆಯ ದಿನ ಇಂಜಿನಿಯರು ನನ್ನನ್ನು ಕರೆದುಕೊಂಡು ಕ್ಯಾಬಿನ್ನಿಗೆ ಹೋಗಿ, ಕೂರಿ ಎನ್ನುವ ಮುಂಚೆಯೇ ಕುರ್ಚಿ ಎಳೆದುಕೊಂಡು ಕೂತರು. ಅವರು ಹಾಗೆ ಮಾಡಿದ್ದನ್ನು ನಾನು ಹಿಂದೆ ನೋಡಿರಲಿಲ್ಲ.

"ಸರ್, ಒಂದೇ ಒಂದು ಮಧ್ಯಾಹ್ನ ನಿಮ್ಮ ಮಿಷಿನ್ ಬಿಟ್ಟುಕೊಡಿ. ನಾನು ತಪ್ಪಾಗಿದ್ರೆ ಮತ್ತೆ ಈ ಬಾಗಿಲಿಗೆ ಬರಲ್ಲ. ನನಗೂ ಸಾಕಾಗಿದೆ."

ಮ್ಯಾನೇಜರು ಕೋಪ ಮಾಡಿಕೊಳ್ಳುತ್ತಾರೆಂದು ಕಾದೆ. ಅವರು ಪೆನ್ನು ಮೇಜಿನ ಮೇಲೆ ಹಾಕಿ ಹಿಂದಕ್ಕೆ ಒರಗಿದರು. "ಅಲ್ಲಿ ಮೀಟಿಂಗಲ್ಲಿ ನನ್ನನ್ನ ನಿಲ್ಲಿಸಿ ಕೇಳಿದ್ರು ಕಣ್ರೀ, ನಿಮ್ಮ ನಂಬರ್ ಯಾಕೆ ದಿನಾ ಲೇಟು ಅಂತ. ತಗೊಳ್ಳಿ. ಏನ್ ಬೇಕಾದ್ರೂ ಮಾಡ್ಕೊಳ್ಳಿ."

ಗೋಡೆಯ ಪೆಟ್ಟಿಗೆ ಒಂದು ಕಬ್ಬಿಣದ ಬೀರುವಿನ ಹಿಂದೆ ಇತ್ತು. ನಾನು ಒಂದು ಕಡೆ ತಳ್ಳಿದೆ, ಮ್ಯಾನೇಜರು ತೋಳು ಮಡಿಚಿ ಇನ್ನೊಂದು ಕಡೆ ಕೈ ಕೊಟ್ಟರು. ಇಂಜಿನಿಯರು ಪರದೆ ನೋಡಲು ಕಂಪ್ಯೂಟರ್ ರೂಮಿಗೆ ಹೋದರು. ನಾನು ಸಂದಿಗೆ ನುಗ್ಗಿ ಪ್ಲಗ್ಗು ಕಿತ್ತೆ. ಮೇಜಿನ ಮೇಲಿನ ಫೋನು ಕೂಡಲೇ ಬಂತು. "ವಂದುರುಚ್ಚು ತಂಬಿ" ಎಂದರು ಇಂಜಿನಿಯರು, ಬಂದುಬಿಟ್ಟಿತು ಎಂದು. ರಿಂಗು ಮತ್ತೆ ನಡೆಯುತ್ತಿತ್ತು.

ಕೈಯಲ್ಲಿದ್ದ ಪ್ಲಗ್ಗು ಒದ್ದೆಯಾಗಿತ್ತು. ಬೆಳಕಿಗೆ ಹಿಡಿದೆ. ಒಳಕ್ಕೆ ಬರುವ ಜೋಡಿ ಕಡ್ಡಿಗಳು ಹೊಳೆಯುತ್ತಿದ್ದವು. ಹೊರಕ್ಕೆ ಹೋಗುವ ಜೋಡಿ ಕಿಲುಬು ಹಿಡಿದು ಹಸಿರಾಗಿತ್ತು. ಅಷ್ಟರಲ್ಲಿ ಮ್ಯಾನೇಜರು, "ಇಲ್ಲಿ ಮುಟ್ಟಿ ನೋಡ್ರೀ" ಎಂದು ಗೋಡೆಗೆ ಅಂಗೈ ಒತ್ತಿ ನಿಂತಿದ್ದರು. ಬೀರು ಮರೆಮಾಡಿದ್ದ ಗೋಡೆಯೆಲ್ಲ ತೇವ. ಮೇಲೆ ನೋಡಿದರೆ ಅವರ ಎ.ಸಿ. ಅದರ ನೀರು ಹೊರಗೆ ಹೋಗುವ ಬದಲು ಒಳಗಿನ ಗೋಡೆಗೆ ಇಳಿದು, ಕೇಬಲ್ ಹಿಡಿದುಕೊಂಡು ಪ್ಲಗ್ಗಿಗೆ ಬರುತ್ತಿತ್ತು. ಬೆಳಿಗ್ಗೆ ಬಂದು ಎ.ಸಿ. ಹಾಕಿದರೆ ಮಧ್ಯಾಹ್ನದ ಹೊತ್ತಿಗೆ ನೀರು ಅಲ್ಲಿಗೆ ಮುಟ್ಟುತ್ತಿತ್ತು. ಸಂಜೆ ಆರಿಸಿದರೆ ಒಣಗುತ್ತಿತ್ತು. ಅವರು ಇಲ್ಲದ ವಾರ ಎ.ಸಿ.ಯೂ ಇರಲಿಲ್ಲ, ನೀರೂ ಇರಲಿಲ್ಲ.

"ಇಷ್ಟೇನಾ?" ಎಂದರು ಮ್ಯಾನೇಜರು.

"ಇಷ್ಟೇ ಸರ್."

ಖುಷಿಯಾಗಬೇಕಿತ್ತು. ನನಗೆ ಆ ತಣ್ಣನೆಯ ನೆಲದ ಮೇಲೆ ಅಲ್ಲೇ ಮಲಗಿಬಿಡಬೇಕು ಅನ್ನಿಸಿತು. ಎ.ಸಿ. ಮೆಕ್ಯಾನಿಕ್ಕು ಬಂದು ಅದನ್ನು ಹೊರಕ್ಕೆ ಸ್ವಲ್ಪ ವಾಲಿಸಿ ಒಂದು ಪೈಪು ಹಾಕಿ ಹೋದ. ನಾನು ಪ್ಲಗ್ಗು ಬದಲಾಯಿಸಿದೆ. ಆಮೇಲೆ ಆ ಮಧ್ಯಾಹ್ನಗಳಲ್ಲಿ ಫೋನು ಬರಲಿಲ್ಲ.

"ಆ ಪ್ಯಾಕಿಂಗಿಗೆ ಹಾಕಿದ್ವಲ್ಲ, ಆಕೆಗೆ ಹೇಳ್ಬಿಡಿ, ವಾಪಸ್ ಬರ್ಬಹುದು ಅಂತ" ಎಂದು ಮ್ಯಾನೇಜರು ಹೇಳಿಕಳಿಸಿದರು. ನಾನೇ ಹೋದೆ. ಅಕ್ಕ ರಟ್ಟಿನ ಪೆಟ್ಟಿಗೆಗಳಿಗೆ ಪಟ್ಟಿ ಬಿಗಿಯುತ್ತಿದ್ದರು.

"ಎ.ಸಿ. ನೀರು ಅಕ್ಕ. ಅವರ ಕ್ಯಾಬಿನ್ನಿಂದು. ನಿಮ್ಮ ತಪ್ಪಲ್ಲ ಅಂತ ಗೊತ್ತಾಯ್ತು."

"ನಂಗೆ ಮೊದ್ಲೇ ಗೊತ್ತಿತ್ತಲ್ಲಪ್ಪ."

"ವಾಪಸ್ ಬರ್ಬೇಕಂತೆ."

ಪಟ್ಟಿಯ ತುದಿ ಹಲ್ಲಿನಲ್ಲಿ ಕಚ್ಚಿ ಎಳೆದರು, ಕಟ್ಟಿದರು. "ನಾನ್ ಬರಲ್ಲ. ಈ ಪೆಟ್ಗೆಗಳು ಚೆನ್ನಾಗವೆ. ಹರಿದ್ರೆ ಹರೀತು ಅಂತವೆ, ಯಾರ್ ಹೆಸ್ರೂ ಹೇಳಲ್ಲ."

"ಎಲ್ಲರಿಗೂ ಹೇಳ್ತೀನಕ್ಕ ನಾನು."

"ಯಾರ್ಗ್ ಹೇಳ್ತೀಯ? ನಮ್ಮೂರಾಗ್ ಬಂದು ಮನೆಮನೆಗೂ ಹೇಳ್ತೀಯಾ?" ಕೋಪವಿರಲಿಲ್ಲ. ದಣಿದ ದನಿ. "ಹೋಗು, ನಿನ್ ಕೆಲ್ಸ ನೋಡು."

ಆದರೂ ಆ ಸಂಜೆ ಬಸ್ಸಿನಲ್ಲಿ ಹೇಳಿದೆ. ಉದ್ದನಪಲ್ಲಿಯ ಮೂರು ನಾಲ್ಕು ಹೆಂಗಸರು ಹಿಂದಿನ ಸೀಟಿನಲ್ಲಿದ್ದರು. ಬೇಕೆಂದೇ ಗಟ್ಟಿಯಾಗಿ, ನೀರು, ಗೋಡೆ, ಪ್ಲಗ್ಗು ಎಲ್ಲ ಹೇಳಿದೆ. ಅವರು ಕೇಳಿದರು. "ಹೌದಾ? ಎ.ಸಿ. ನೀರಾ?" ಎಂದಳು ಒಬ್ಬಳು. ಇನ್ನೊಬ್ಬಳು, "ಏನೋಪ್ಪ, ಮಿಷಿನ್ ವಿಷ್ಯ ನಮಗೇನ್ ಗೊತ್ತು" ಎಂದು ಟೊಮೇಟೊ ರೇಟಿನ ಮಾತಿಗೆ ತಿರುಗಿದಳು. ಅಕ್ಕ ಮುಂದಿನ ಸೀಟಿನಲ್ಲಿದ್ದರು. ಎಲ್ಲವೂ ಕೇಳಿಸಿರಬೇಕು. ತಿರುಗಿ ನೋಡಲಿಲ್ಲ.

ಕೆಲಮಂಗಲದಲ್ಲಿ ಇಳಿಯಲು ಅವರ ಸೀಟಿನ ಪಕ್ಕ ಬಂದಾಗ ಚೀಲ ಸರಿಸಿ ದಾರಿ ಬಿಟ್ಟರು.

"ನಾಳೆ ಬೇಗ ಬತ್ತೀಯಾ ತಮ್ಮಾ? ಪ್ಯಾಕಿಂಗ್‌ನಾಗೆ ಒಂದು ಟ್ಯೂಬ್‌ಲೈಟು ಉರೀತಿಲ್ಲ. ಕತ್ಲಾಗೈತೆ."

"ಬತ್ತೀನಕ್ಕ."

ಮಾರನೆಯ ಬೆಳಿಗ್ಗೆ ಬೇಗ ಹೋಗಿ ಏಣಿ ಹಾಕಿ ಟ್ಯೂಬು ಬದಲಾಯಿಸಿಕೊಟ್ಟೆ. ಅವರು ಏಣಿಯ ಬುಡ ಹಿಡಿದುಕೊಂಡು ನಿಂತಿದ್ದರು.

ಇಂಜಿನಿಯರು ಆ ವರ್ಷವೇ ರಿಟೈರಾಗಿ ಮದ್ರಾಸಿಗೆ ಹೋದರು. ಅಕ್ಕ ಇನ್ಸ್‌ಪೆಕ್ಷನ್ನಿಗೆ ಮತ್ತೆ ಬರಲಿಲ್ಲ, ನಾನು ಆ ಫ್ಯಾಕ್ಟರಿ ಬಿಡುವವರೆಗೂ ಪ್ಯಾಕಿಂಗಿನಲ್ಲೇ ಇದ್ದರು. ಓರಗಿತ್ತಿಯ ಮನೆಗೆ ಮತ್ತೆ ಹೋಗುವಂತಾಯಿತೋ ಇಲ್ಲವೋ, ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ. ನಮ್ಮ ಮನೆಗೆ ಮಾತ್ರ ಇನ್ನೂ ಕೆಲವು ಬೆಳೆಗೆ ಬಂದರು. ನನ್ನ ಹೆಂಡತಿ ಯಾವ ಭಾನುವಾರ ಎಂದು ಹೇಳಿಕಳಿಸುತ್ತಿದ್ದಳು, ನಾನು ಬಸ್ಸಿನಲ್ಲಿ ತಿಳಿಸುತ್ತಿದ್ದೆ.